ಎರಡನೇ ಸುಳಿವು

ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮುಂಚೆ ಹೊನ್ನಾಳಿಯ ಬಟ್ಟೆ ಅಂಗಡಿಯೊಂದಕ್ಕೆ ಸೀರೆ ತರಲು ಹೋಗಿದ್ದೆ. ದೀಪ ಹಚ್ಚುವ ಹೊತ್ತು. ಅಂಗಡಿಯವರು ಕೆಂಡದ ಮೇಲೆ ಲೋಬಾನ ಉದುರಿಸಿ ಮೂಲೆ ಮೂಲೆಗೂ ಹೊಗೆ ಹಿಡಿಯುತ್ತಿದ್ದರು. ಹೊಸ ಸೀರೆಗಳ ಗಂಜಿ ವಾಸನೆಯ ಜೊತೆ ಆ ಹೊಗೆ ಸೇರಿ ಮೂಗಿಗೆ ಬಡಿಯಿತು ನೋಡಿ, ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಬಂದವರೊಬ್ಬರು ಸ್ವಲ್ಪ ದಾರಿ ಬಿಡ್ರಿ ಅಂದರೂ ಕಾಲು ಏಳಲಿಲ್ಲ. ಲೋಬಾನ ಒಂದೇ ಆದರೆ ನನಗೇನೂ ಆಗುವುದಿಲ್ಲ, ಹೊಸ ಬಟ್ಟೆ ಒಂದೇ ಆದರೂ ಆಗುವುದಿಲ್ಲ. ಎರಡೂ ಒಟ್ಟಿಗೆ ಬಂದರೆ ಮಾತ್ರ ಹನ್ನೊಂದು ವರ್ಷದ ಹಿಂದಿನ ಒಂದು ಬೆಳಗು ಎದುರಿಗೆ ಬಂದು ನಿಲ್ಲುತ್ತದೆ.

ಸೀರೆ ನನಗಲ್ಲ. ನಮ್ಮಮ್ಮ ತೀರಿಕೊಂಡು ಆರು ತಿಂಗಳಾಗಿತ್ತು. ಮೊದಲನೇ ವರ್ಷದ ಎಡೆ, ಹೊಸ ಸೀರೆ ಇಡಲೇಬೇಕು, ಅದನ್ನು ಮಗಳೇ ತರಬೇಕು ಅಂತ ನ್ಯಾಮತಿಯಲ್ಲಿರುವ ತಮ್ಮ ಫೋನು ಮಾಡಿ ಹೇಳಿದ್ದ. ಅಂಗಡಿಯ ಹುಡುಗಿಯೊಬ್ಬಳು ನನ್ನ ಮುಖ ನೋಡಿ ಕುರ್ಚಿ ಎಳೆದು ಕೂರಿಸಿ ಒಂದು ಲೋಟ ನೀರು ಕೊಟ್ಟಳು. ಏನು ತೋರಿಸಲಿ ಅಂತಲೂ ಕೇಳದೆ ಒಳಗಿನ ಕಪಾಟಿನ ಕಡೆ ಹೋದಳು. ನಾನು ನೀರು ಕೈಯಲ್ಲಿ ಹಿಡಿದುಕೊಂಡೇ ಕೂತೆ.

ಹನ್ನೊಂದು ವರ್ಷದ ಹಿಂದಿನ ಆ ವರ್ಷ ನನಗೆ ಸವಳಂಗದಿಂದ ಮೂರು ಕಿಲೋಮೀಟರ್ ಒಳಗಿದ್ದ ಒಂದು ಸಣ್ಣ ಊರಿನ ಶಾಲೆ. ನ್ಯಾಮತಿ ಆಗ ಇನ್ನೂ ತಾಲ್ಲೂಕಾಗಿರಲಿಲ್ಲ, ಎಲ್ಲ ಕಾಗದಕ್ಕೂ ಹೊನ್ನಾಳಿಗೇ ಓಡಬೇಕಿತ್ತು. ಎರಡು ಕೋಣೆ, ಇಬ್ಬರು ಮೇಷ್ಟ್ರು: ಹೆಡ್‌ಮಾಸ್ಟರ್ ಚಂದ್ರಪ್ಪನವರು ಮತ್ತು ನಾನು. ಮಳೆಗಾಲ ಹಿಂದುಮುಂದಾಗಿ, ಜೂನಿನಲ್ಲಿ ಬಾರದ ಮಳೆ ಭಾದ್ರಪದದಲ್ಲಿ ಬಂದು ಕೂತಿತ್ತು. ಮುರಿದು ತಂದ ಮೆಕ್ಕೆಜೋಳ ಒಣಗಿಸಲು ಜಾಗವಿಲ್ಲದೆ ಊರವರು ಶಾಲೆಯ ಜಗಲಿಯನ್ನೂ ಬಿಟ್ಟಿರಲಿಲ್ಲ. ಮಕ್ಕಳು ಜೋಳದ ರಾಶಿ ದಾಟಿಕೊಂಡೇ ತರಗತಿಗೆ ಬರುತ್ತಿದ್ದವು.

ಆ ವರ್ಷವೇ ನಮ್ಮ ಶಾಲೆಗೆ ಚಿತ್ರಪುಸ್ತಕಗಳ ಒಂದು ತಗಡಿನ ಟ್ರಂಕು ಬಂತು. ನಲವತ್ತು ಪುಸ್ತಕ, ಬಣ್ಣ ಬಣ್ಣದ್ದು, ಅರ್ಧದಲ್ಲಿ ಅಕ್ಷರವೇ ಇಲ್ಲ. ಚಂದ್ರಪ್ಪ ಮೇಷ್ಟ್ರು ಒಂದೊಂದನ್ನೂ ಸ್ಟಾಕ್ ಪುಸ್ತಕದಲ್ಲಿ ಬರೆದುಕೊಂಡು, ಒಂದು ಹಾಳೆ ಹರಿದರೂ ಮೇಡಂ ನಿಮ್ಮ ತಲೆಗೇ ಕಟ್ಟುತ್ತೇನೆ ಅಂದರು. ಹಾಗಾಗಿ ಪುಸ್ತಕ ಶಾಲೆಯ ಹೊಸ್ತಿಲು ದಾಟುವಂತಿರಲಿಲ್ಲ. ಮನೆಗೆ ಕೊಡಿ ಮಿಸ್ ಅಂತ ಗೋಗರೆದ ಮಕ್ಕಳನ್ನೆಲ್ಲ ಗದರಿಸಿ ಕಳಿಸಿದ್ದೇನೆ. ತೊಳೆದ ಕೈಬೆರಳು ತೋರಿಸಿದ ಮೇಲೇ ಹಾಳೆ ಮುಟ್ಟಲು ಬಿಡುತ್ತಿದ್ದದ್ದು.

ಟ್ರಂಕಿನ ಜೊತೆ ಹೊನ್ನಾಳಿಯಲ್ಲಿ ಎರಡು ದಿನದ ತರಬೇತಿಯೂ ಆಯಿತು. ಕಾಣುವುದನ್ನು ಹೇಳಿಸುವುದು ಪಾಠವಲ್ಲ, ಕಾಣದ್ದನ್ನು ಹೇಳಿಸಿ, ಹೇಗೆ ಗೊತ್ತಾಯ್ತು ಅಂತ ಕೇಳಿ ಅಂದರು. ನನಗೆ ನಗು ಬಂತು. ಹದಿನಾರು ವರ್ಷ ಅಕ್ಷರ ತಿದ್ದಿಸಿದವಳು ನಾನು, ಇದ್ದದ್ದನ್ನು ಇದ್ದಹಾಗೆ ಓದಿಸುವುದೇ ಹರಸಾಹಸ, ಇನ್ನು ಇಲ್ಲದ್ದನ್ನು ಓದಿಸುವುದೆಲ್ಲಿಂದ ಬಂತು ಅಂತ ಪಕ್ಕದವರ ಹತ್ತಿರ ಗೊಣಗಿದೆ.

ಮೊದಮೊದಲು ಹಾಗೇ ಆಯಿತು. ಪುಸ್ತಕ ಬಿಡಿಸಿ ಹಿಡಿದರೆ ಮೂರನೇ ಕ್ಲಾಸಿನ ಮಕ್ಕಳು ಸಂತೆಯಲ್ಲಿ ಕೂಗಿದಂತೆ ಮರ, ಮನೆ, ನಾಯಿ ಅಂತ ಕೂಗಿ ಮುಗಿಸುತ್ತಿದ್ದವು. ಒಂದು ದಿನ ರೋಸಿಹೋಗಿ ಪುಸ್ತಕ ಮುಚ್ಚಿಟ್ಟು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಯಾಕೆ ನೋಡಿಕೊಂಡ ಹೇಳಿ ಎಂದೆ. ಹಿಂದಿನ ಸಾಲಿನಿಂದ ಒಂದು ಹುಡುಗಿ ಎದ್ದು, ಬೂದುಗುಂಬಳ ಹೊತ್ತರೆ ಹೆಗಲಿಗೆ ಬೂದಿ ಮೆತ್ತಿಕೊಳ್ಳುತ್ತದೆ, ಅವನ ಹೆಸರು ಯಾರೂ ಹೇಳಿರಲಿಲ್ಲ, ಅವನೇ ಮುಟ್ಟಿಕೊಂಡು ಸಿಕ್ಕಿಬಿದ್ದ ಅಂದಳು. ಅವಳೇ ಭೂಮಿಕಾ. ಎಂಟು ವರ್ಷ, ಎರಡು ಜಡೆ, ಒಂದಕ್ಕೆ ಕೆಂಪು ರಿಬ್ಬನ್ನು ಇನ್ನೊಂದಕ್ಕೆ ಹಸಿರು. ಅಜ್ಜಿ ಕಟ್ಟಿದ ಜಡೆ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು.

ಅವಳ ವಿಷಯ ನನಗೆ ಮೊದಲೇ ಹೇಳಿದ್ದರು. ಅವಳ ತಾಯಿ ಮಂಜುಳಾ ಆ ಜೂನಿನಲ್ಲಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಇಲ್ಲಿಂದ ಜೀಪಿನಲ್ಲಿ ಎತ್ತಿಕೊಂಡು ಹೋಗಿದ್ದರು, ಅಲ್ಲಿ ಇಲ್ಲಿ ತೋರಿಸಿ, ಕೊನೆಗೆ ತವರು ಜಗಳೂರಿನಲ್ಲೇ ಜೀವ ಹೋಗಿ ಅಲ್ಲೇ ಮಣ್ಣು ಮಾಡಿ ಬಂದಿದ್ದರು. ಮಗುವಿಗೆ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಎರಡು ಸಲ ಮೂರ್ಛೆ ಬಂದಿತ್ತಂತೆ, ಈ ಸುದ್ದಿ ಕೇಳಿ ಮತ್ತೆ ಬಂದರೆ ಏನು ಗತಿ ಅಂತ ಅಜ್ಜಿ ಹಾಲಮ್ಮನಿಗೆ ಭಯ. ಅವ್ವ ಜಗಳೂರಿನ ತಾತನ ಮನೇಲಿ ಸುಧಾರಿಸಿಕೊಳ್ಳುತ್ತಿದ್ದಾಳೆ ಎಂದು ಹೇಳಿ, ಬೇಸಿಗೆ ರಜೆಗೆ ನಿಜ ಹೇಳೋಣ ಅಂತ ಮುಂದೆ ಹಾಕಿದ್ದರು. ಇಡೀ ಊರು ಬಾಯಿಗೆ ಬೀಗ ಹಾಕಿಕೊಂಡಿತ್ತು. ನೀವು ನಂಬುತ್ತೀರೋ ಇಲ್ಲವೋ, ಅವಳ ಜೊತೆ ಆಡುವ ಮಕ್ಕಳೂ ಒಂದು ಮಾತು ಆಡಲಿಲ್ಲ. ಚಂದ್ರಪ್ಪ ಮೇಷ್ಟ್ರು ನನ್ನಿಂದಲೂ ಮಾತು ತೆಗೆದುಕೊಂಡರು, ನಾನೂ ಕೊಟ್ಟೆ.

ಭೂಮಿಕಾ ಹೀಗೆ ಹೇಳಲು ಶುರುಮಾಡಿದ ಮೇಲೆ ತರಗತಿಗೆ ಕಣ್ಣು ಬಂತು. ಒದ್ದೆ ಕೊಡೆ ನೋಡಿ ಮಳೆ ನಿಂತು ಎಷ್ಟು ಹೊತ್ತಾಯಿತು ಅನ್ನುವಳು, ತಟ್ಟೆಯಲ್ಲಿ ಉಳಿದ ಅನ್ನ ನೋಡಿ ಉಣ್ಣುತ್ತಿದ್ದವನಿಗೆ ಸಿಟ್ಟು ಬಂದಿತ್ತು ಅನ್ನುವಳು. ಏನು ಹೇಳಿದರೂ ನಾನು ಹೇಗೆ ಗೊತ್ತಾಯ್ತು ಅನ್ನುವೆ. ಆ ಪ್ರಶ್ನೆಗೇ ಕಾದವಳಂತೆ ಅವಳು ಒಂದು ಕೈ ಸೊಂಟಕ್ಕಿಟ್ಟು ವಿವರಿಸುವಳು. ಉಳಿದ ಮಕ್ಕಳೂ ನಾನು ಕೇಳುವ ಮುಂಚೆ ಒಬ್ಬರನ್ನೊಬ್ಬರು ಹೆಂಗೆ ಗೊತ್ತಾತು ಹೆಂಗೆ ಗೊತ್ತಾತು ಅಂತ ಜಬರಿಸತೊಡಗಿದವು. ಬಿಸಿಯೂಟದ ಅಡುಗೆಯಮ್ಮನಿಗೆ ಇವತ್ತು ಉಪ್ಪು ಜಾಸ್ತಿ ಅಂದರೆ, ಅವರು ಹೆಂಗೆ ಗೊತ್ತಾತು ಅನ್ನುವಷ್ಟರ ಮಟ್ಟಿಗೆ ಆ ಮಾತು ಹರಡಿತು. ನನಗೋ ಹೆಮ್ಮೆಯೋ ಹೆಮ್ಮೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಕಲಗಚ್ಚಿನಲ್ಲಿ ಬಿತ್ತಂತೆ, ಹಾಗಿತ್ತು ನನ್ನ ಕಥೆ.

ಒಂದು ಪುಸ್ತಕದಲ್ಲಿ ಒಂದು ಅಂಗಳದ ಚಿತ್ರವಿತ್ತು. ಹೊಸ್ತಿಲ ಹತ್ತಿರ ಒಂದು ಜೊತೆ ಚಪ್ಪಲಿ, ಅರ್ಧ ಕಟ್ಟಿದ ಹೂವಿನ ಮಾಲೆ, ರಸ್ತೆ ಕಡೆ ನೋಡುತ್ತಾ ಬಾಲ ಎತ್ತಿದ ನಾಯಿ. ಮನುಷ್ಯರು ಯಾರೂ ಇಲ್ಲ. ಇಲ್ಲಿ ಯಾರಿದ್ದರು, ಎಲ್ಲಿಗೆ ಹೋದರು ಅಂತ ಕೇಳಿದೆ. ಭೂಮಿಕಾ ಎದ್ದು, ಒಬ್ಬಾಕೆ ಇದ್ದಳು, ಚಪ್ಪಲಿ ಬಿಟ್ಟು ಹೋಗಿದ್ದಾಳೆ, ಅಂದರೆ ದೂರ ಹೋಗಿಲ್ಲ, ಈಗ ಬರುತ್ತಾಳೆ ಅಂದಳು. ಶಭಾಷ್ ಅನ್ನಬೇಕು ಅನ್ನುವಷ್ಟರಲ್ಲಿ ಅವಳೇ ಮುಂದುವರಿಸಿದಳು.

“ನಮ್ಮವ್ವನ ಚಪ್ಪಲೀನೂ ಮನೇಲೇ ಅದಾವೆ ಮಿಸ್. ಅದಕ್ಕೇ ಬೇಗ ಬರ್ತಾಳೆ.”

ಉಳಿದ ಇಪ್ಪತ್ತಮೂರು ಮಕ್ಕಳೂ ತಲೆ ತಗ್ಗಿಸಿದವು. ನಾನು ಹೌದಮ್ಮ ಅನ್ನುವಂತಿಲ್ಲ, ಇಲ್ಲ ಅನ್ನುವಂತಿಲ್ಲ. ತಪ್ಪಿಸಿಕೊಳ್ಳಲು ಬಾಯಿಗೆ ಬಂದದ್ದು ಹೇಳಿದೆ. ಒಂದೇ ಸುಳಿವು ನಂಬಬಾರದು ಮಕ್ಕಳೇ, ಎರಡನೇ ಸುಳಿವೂ ಸಿಕ್ಕಬೇಕು, ಆಗಲೇ ಊಹೆ ಗಟ್ಟಿ ಅಂದೆ. ಯಾವ ತರಬೇತಿಯಲ್ಲೂ ಇಲ್ಲದ ನಿಯಮ, ಆ ಕ್ಷಣಕ್ಕೆ ನಾನು ಹುಟ್ಟಿಸಿದ್ದು. ಭೂಮಿಕಾ ಆಯ್ತು ಮಿಸ್ ಅಂತ ಕೂತಳು. ಮಗುವನ್ನು ಎರಡನೇ ಸುಳಿವು ಹುಡುಕಲು ಕಳಿಸಿದವಳು ನಾನೇ.

ಇದಾಗಿ ಹದಿನೈದು ದಿನಕ್ಕೆ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ನಮ್ಮ ಕಡೆ ಮನೆಯಲ್ಲಿ ಸತ್ತವರ ಹೆಸರಿನಲ್ಲಿ ಹೊಸ ಬಟ್ಟೆ ಇಡುತ್ತಾರೆ, ಗಂಡಸಿಗೆ ಪಂಚೆ, ಹೆಂಗಸಿಗೆ ಸೀರೆ. ಮುಂದೆ ಬಾಳೆಲೆ ಹಾಕಿ ಅವರವರಿಗೆ ಇಷ್ಟವಾದದ್ದೆಲ್ಲ ಬಡಿಸಿ, ಲೋಬಾನ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಅಂತ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ಒಳಗೆ ಹೋಗುವುದು.

ಹಬ್ಬದ ಮಾರನೇ ಬೆಳಗ್ಗೆ ನಾನು ಟ್ರಂಕಿನ ಬೀಗ ತೆಗೆಯುತ್ತಿದ್ದೆ. ಇನ್ನೂ ಯಾರೂ ಬಂದಿರಲಿಲ್ಲ. ಹಿಂದೆ ಯಾರೋ ನಿಂತ ಹಾಗಾಯಿತು, ತಿರುಗುವ ಮುಂಚೆಯೇ ಆ ವಾಸನೆ ಬಂತು, ಲೋಬಾನ, ಹೊಸ ಬಟ್ಟೆಯ ಗಂಜಿ. ಭೂಮಿಕಾ ಹಿಂದಿನ ದಿನದ ಫ್ರಾಕಿನಲ್ಲೇ ಬಂದಿದ್ದಳು.

“ಎರಡನೇ ಸುಳಿವು ಸಿಕ್ತು ಮಿಸ್. ನಮ್ಮವ್ವ ಬರಲ್ಲ. ಸತ್ತೋಗ್ಯಾಳೆ.”

ಒಂದು ಕೈ ಸೊಂಟಕ್ಕಿಟ್ಟುಕೊಂಡು ಕಾಯುತ್ತಾ ನಿಂತಳು. ಅಳುತ್ತಿರಲಿಲ್ಲ. ಲೆಕ್ಕ ಬಿಡಿಸಿ ತಂದು ತೋರಿಸುವ ಮಗುವಿನ ಮುಖ ಅದು, ಸರಿಯೋ ತಪ್ಪೋ ಹೇಳಿ ಅನ್ನುವ ಮುಖ. ಮೂವತ್ತೆಂಟು ವರ್ಷದ ಹೆಂಗಸು ನಾನು, ಆ ಮುಖ ನೋಡಲಾಗದೆ ಟ್ರಂಕಿನೊಳಗೆ ನೋಡುತ್ತಾ ಮಾತಾಡಿದೆ. ಇಲ್ಲ ಪುಟ್ಟಾ, ಈ ಸಲ ನಿನ್ನ ಊಹೆ ತಪ್ಪು, ನಿಮ್ಮವ್ವ ಜಗಳೂರಿನಲ್ಲಿ ಇದ್ದಾಳೆ ಅಂದೆ. ಕೈ ಸುಮ್ಮನಿರದೆ ಆ ಅಂಗಳದ ಚಿತ್ರದ ಪುಸ್ತಕ ತೆಗೆದು, ತಗೋ, ಮನೆಗೆ ಒಯ್ದು ನೋಡಿಕೊಂಡು ನಾಳೆ ತಾ ಎಂದು ಅವಳ ಚೀಲಕ್ಕೆ ನಾನೇ ಹಾಕಿದೆ. ಅವಳು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು. ಸೊಂಟದ ಕೈ ಕೆಳಗಿಳಿಸಿ ಆಯ್ತು ಮಿಸ್ ಅಂದಳು.

ಸಂಜೆ ನೇರ ಹಾಲಮ್ಮನ ಮನೆಗೆ ಹೋದೆ. ಆಕೆ ನನ್ನನ್ನು ಕೋಣೆಯೊಳಗೆ ಕರೆದು ಪಿಸುದನಿಯಲ್ಲಿ ಹೇಳಿದ್ದಿಷ್ಟು: ಹುಡುಗಿಗೆ ಗೊತ್ತಾಗಬಾರದು ಅಂತ ಸೊಸೆಯ ಸೀರೆಯನ್ನು ತೀರಿಹೋದ ತನ್ನ ಗಂಡನ ಪಂಚೆಯ ಅಡಿಗೆ ಮುಚ್ಚಿಟ್ಟಿದ್ದಳಂತೆ. ಸೀರೆ ಇಡದೆ ಇದ್ದರೆ ಸತ್ತವಳು ಬಂದು ಬರಿಗೈಲಿ ಹೋಗುತ್ತಾಳಲ್ಲ. ಎಲ್ಲರೂ ಹೊರಗೆ ಕೂತಿದ್ದಾರೆ, ಹುಡುಗಿ ಪಕ್ಕದ ಮನೆಯಲ್ಲಿ ಆಡುತ್ತಿದ್ದಾಳೆ ಅಂದುಕೊಂಡಿದ್ದಾರೆ. ಬಾಗಿಲು ತೆಗೆದು ನೋಡಿದರೆ ಅದು ಒಳಗೇ ಇದೆ! ಸತ್ತ ತಾತ ಉಣ್ಣಲು ಬರುವುದನ್ನು ನೋಡಬೇಕು ಅಂತ ಜೋಳದ ಚೀಲದ ಹಿಂದೆ ಅಡಗಿ ಕೂತಿತ್ತಂತೆ. ಹಸಿರು ಸೀರೆ ಎಳೆದು ಮುಖಕ್ಕೆ ಒತ್ತಿಕೊಂಡು ಕೂತಿತ್ತಂತೆ. ಯಾರಿಗೆ ಸೀರೆ ಅಂದದ್ದಕ್ಕೆ ಮುತ್ತಜ್ಜಿಗೆ ಅಂತ ಹೇಳಿ ಸಾಗಹಾಕಿದ್ದರು.

ಇನ್ನು ಮುಚ್ಚಿಡಬೇಡಿ, ಅದಕ್ಕೆ ತಿಳಿದುಹೋಗಿದೆ, ಹೇಳಿಬಿಡಿ ಅಂದೆ. ಹಾಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

“ನಿಮ್ ಕೈಲಿ ಅದರ ಮುಖ ನೋಡಿ ಹೇಳಾಕಾಗ್ತೈತಾ ಮಿಸ್? ಹಂಗಿದ್ರೆ ನೀವೇ ಹೇಳ್ರಿ.”

ಬೆಳಗ್ಗೆ ಟ್ರಂಕಿನೊಳಗೆ ತಲೆ ಹಾಕಿಕೊಂಡು ಸುಳ್ಳು ಹೇಳಿದವಳು ನಾನು. ಚಹಾ ಕುಡಿದು ಎದ್ದು ಬಂದೆ.

ಮಾರನೇ ದಿನ ಪುಸ್ತಕ ಪೇಪರಿನಲ್ಲಿ ಸುತ್ತಿ ಹಿಂದೆ ಬಂತು, ಒಂದು ಕಲೆ ಇಲ್ಲ, ಮಡಿಕೆ ಇಲ್ಲ. ಅದೇ ಅಂಗಳದ ಚಿತ್ರ ಹಿಡಿದು ಭೂಮಿಕಾಳನ್ನು ಎಬ್ಬಿಸಿದೆ. ಮನೆ ಐತೆ, ನಾಯಿ ಐತೆ, ಚಪ್ಪಲಿ ಅದಾವೆ ಅಂದಳು. ಇನ್ನೇನು ಗೊತ್ತಾಗುತ್ತೆ ಅಂದರೆ ಇನ್ನೇನಿಲ್ಲ ಮಿಸ್. ಆ ದಿನದಿಂದ ವರ್ಷದ ಕೊನೆಯವರೆಗೂ ಅವಳು ಚಿತ್ರದಲ್ಲಿ ಇದ್ದದ್ದನ್ನು ಬಿಟ್ಟು ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಉಳಿದವರು ಕೈ ಎತ್ತಿ ಕುಣಿಯುತ್ತಿದ್ದರೆ ಇವಳು ಸ್ಲೇಟಿನ ಅಂಚು ಉಜ್ಜುತ್ತಾ ಕೂರುತ್ತಿದ್ದಳು. ಅವಳ ಕಣ್ಣಿನ ಮೇಲೆ ಅವಳಿಗಿದ್ದ ನಂಬಿಕೆಯನ್ನು ನಾನೇ ಕಿತ್ತುಕೊಂಡೆ, ನನ್ನ ಇಡೀ ನೌಕರಿಯಲ್ಲಿ ಒಂದು ಮಗು ಮಾಡಿದ ಅತಿ ಒಳ್ಳೆಯ ಊಹೆಗೆ ತಪ್ಪು ಹಾಕಿದೆ ಅಂತ ಒಳಗೊಳಗೇ ಕೊರಗಿದೆ. ಕೊರಗಿದೆ ಅಷ್ಟೆ, ಸರಿ ಮಾಡಲಿಲ್ಲ.

ಒಂದೇ ಒಂದು ಸಮಾಧಾನ ಇಟ್ಟುಕೊಂಡಿದ್ದೆ. ನಾನು ಸಿಕ್ಕಾಗಲೆಲ್ಲ ಹಾಲಮ್ಮ, ಸೀರೆ ವಿಷಯ ಮರೆತುಹೋಗಿದೆ ಅದಕ್ಕೆ, ದಿನಾ ಸಂಜೆ ಅವ್ವ ಯಾವಾಗ ಬರ್ತಾಳೆ ಅಂತ ಕೇಳುತ್ತದೆ ಅನ್ನುತ್ತಿದ್ದಳು. ಅಬ್ಬ, ನನ್ನ ಸುಳ್ಳನ್ನು ನಂಬಿದೆ, ಪಾಪದ್ದು, ಇನ್ನೂ ಸ್ವಲ್ಪ ದಿನ ತಾಯಿ ಇರಲಿ ಅದಕ್ಕೆ ಅಂದುಕೊಂಡೆ. ಬೇಸಿಗೆ ರಜೆಯಲ್ಲಿ ಅವಳಪ್ಪ ನಿಜ ಹೇಳಲಿಲ್ಲ, ಮುಂದಿನ ವರ್ಷಕ್ಕೆ ಹಾಕಿದ. ಅಷ್ಟರಲ್ಲಿ ನನಗೆ ತ್ಯಾವಣಿಗೆ ಕಡೆಗೆ ವರ್ಗವಾಯಿತು. ಬಿಡುಗಡೆಯಾಗುವ ದಿನ ಟ್ರಂಕಿನ ಬೀಗದ ಕೈ ಮೇಷ್ಟ್ರಿಗೆ ಕೊಟ್ಟು, ಮಕ್ಕಳಿಗೆಲ್ಲ ಮಿಠಾಯಿ ಹಂಚಿ, ಅವಳ ತಲೆ ಸವರಿ ಬಂದೆ. ಆಮೇಲೆ ಆ ಊರಿಗೆ ಹೋಗಲಿಲ್ಲ.

ಹೋಗದೆ ಇದ್ದರೇನು, ಅವಳೇ ಬರುತ್ತಿದ್ದಳು. ತ್ಯಾವಣಿಗೆಯಲ್ಲೂ ಚಿತ್ರಪುಸ್ತಕ ಇತ್ತು, ಕೆರೆಬಿಳಚಿಯಲ್ಲಿ ಮಾದರಿ ಪಾಠ ಮಾಡಿ ಚಪ್ಪಾಳೆಯನ್ನೂ ತೆಗೆದುಕೊಂಡೆ. ಆದರೆ ಯಾವ ಮಗುವಿಗೆ ಹೇಗೆ ಗೊತ್ತಾಯ್ತು ಅಂತ ಕೇಳಿದರೂ, ಉತ್ತರ ಬರುವ ಮುಂಚೆ ಒಂದು ಗಳಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಬ್ಬಳು ಕಾಯುತ್ತಾ ನಿಂತಿರುತ್ತಿದ್ದಳು. ಹಿಂದಿನ ಸಾಲಿನ ಕಡೆ ನೋಡಲು ಹೆದರಿಕೆಯಾಗುತ್ತಿತ್ತು. ಎರಡನೇ ಸುಳಿವಿನ ನಿಯಮವನ್ನು ಮತ್ತೆ ಯಾವ ತರಗತಿಯಲ್ಲೂ ಹೇಳಲಿಲ್ಲ.

ಅಂಗಡಿಯ ಹುಡುಗಿ ಬಂದು ಒಂದೇ ಒಂದು ಸೀರೆ ನನ್ನ ಮುಂದಿಟ್ಟಳು. ತೆಳು ನೇರಳೆ ಬಣ್ಣ, ಸಣ್ಣ ಅಂಚು, ನಮ್ಮಮ್ಮ ಉಡುತ್ತಿದ್ದಂಥದ್ದೇ. ಅಮ್ಮಾರಿಗೆ ಇದು ಆಗ್ತೈತೆ, ಮೊದಲನೇ ಎಡೆ ಅಲ್ವಾ ಎಂದು ಮೆಲ್ಲಗೆ ಕೇಳಿದಳು. ನಾನು ಯಾರಿಗೆ ಅಂತ ಹೇಳಿರಲೇ ಇಲ್ಲ. ಅಭ್ಯಾಸಬಲ, ಹೇಗೆ ಗೊತ್ತಾಯ್ತು ಅಂತ ಬಾಯಿಗೆ ಬಂದುಬಿಟ್ಟಿತು.

“ಸೀರೆ ಅಂಗಡಿಗೆ ಬಂದು ಕನ್ನಡಿ ಕಡೆ ತಿರುಗಲಿಲ್ಲ ನೀವು. ಹೊಗೆ ವಾಸನೆಗೆ ಕಣ್ಣಾಗೆ ನೀರು ಬಂತು. ಎರಡು ಸುಳಿವು ಸಾಕಲ್ವಾ ಮಿಸ್?”

ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಜಡೆ ಇರಲಿಲ್ಲ, ಕೂದಲು ಗಂಟು ಹಾಕಿ ಕ್ಲಿಪ್ಪು ಸಿಕ್ಕಿಸಿದ್ದಳು, ಅಂಗಡಿಯ ನೀಲಿ ಕೋಟು ಹಾಕಿದ್ದಳು. ಬೆಳಗ್ಗೆ ಕಾಲೇಜು, ಮಧ್ಯಾಹ್ನದ ಮೇಲೆ ಇಲ್ಲಿ ಕೆಲಸ ಅಂತ ತಾನೇ ಹೇಳಿಕೊಂಡಳು. ಹಾಲಮ್ಮ ಇನ್ನೂ ಗಟ್ಟಿಯಾಗಿದ್ದಾಳಂತೆ. ನಾನು ಅದ್ಯಾವುದನ್ನೂ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಹನ್ನೊಂದು ವರ್ಷದಿಂದ ಗಂಟಲಲ್ಲಿ ಕೂತಿದ್ದನ್ನು ಹೇಳಿದೆ. ಅವತ್ತು ನೀನು ಹೇಳಿದ್ದೇ ಸರಿ ಇತ್ತು ಭೂಮಿಕಾ, ನಾನು ಸುಳ್ಳು ಹೇಳಿದೆ, ನಿನ್ನ ಕಣ್ಣನ್ನು ನೀನೇ ನಂಬದ ಹಾಗೆ ಮಾಡಿದೆ ಅಂದೆ.

ಅವಳು ಸೀರೆಯ ಬೆಲೆಯ ಚೀಟಿಯನ್ನು ಉಗುರಿನಿಂದ ಬಿಡಿಸುತ್ತಿದ್ದಳು. ಎಡೆಗೆ ಇಡುವ ಸೀರೆಗೆ ಅದು ಇರಬಾರದು.

“ನಂಬಿದ್ದೆ ಮಿಸ್. ಅವತ್ತೇ ಗ್ಯಾರಂಟಿ ಆತು. ಯಾವಾಗ್ಲೂ ಹೆಂಗೆ ಗೊತ್ತಾಯ್ತು ಅಂತ ಕೇಳೋರು ನೀವು, ಅವತ್ತೊಂದಿನ ಕೇಳಲಿಲ್ಲ. ಯಾರಿಗೂ ಮನೆಗೆ ಕೊಡದ ಪುಸ್ತಕ ನನಗೆ ಕೊಟ್ರಿ.”

ಕುಂಬಳಕಾಯಿ ಕಳ್ಳಿ ನಾನೇ. ಹೆಗಲು ಮುಟ್ಟಿಕೊಂಡು ತೋರಿಸಿದವಳೂ ನಾನೇ. ಆ ಹಬ್ಬದ ದಿನ ಎಡೆಯ ಎಲೆಯ ತುದಿಯಲ್ಲಿ ಮಂಡಕ್ಕಿ ಮಿರ್ಚಿ ಬಡಿಸಿದ್ದರಂತೆ, ಅದು ಅವರವ್ವನಿಗೆ ಪ್ರಾಣ, ಮನೆಯಲ್ಲಿ ಬೇರೆ ಯಾರೂ ತಿನ್ನುವುದಿಲ್ಲ, ಅಜ್ಜಿಗೆ ಹಲ್ಲಿಲ್ಲ, ಅಪ್ಪ ಮುಟ್ಟುವುದಿಲ್ಲ. ನೀವು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ ಅಂದಳು. ಐದನೇ ಕ್ಲಾಸಿನಲ್ಲಿದ್ದಾಗ ಮನೆಯವರು ಕೂರಿಸಿಕೊಂಡು ನಿಜ ಹೇಳಿದರಂತೆ. ಆಗ ಮೊದಲನೇ ಸಲ ಕೇಳಿದವಳ ಹಾಗೆ ಅತ್ತಳಂತೆ.

ಹಾಗಾದರೆ ಆ ಎರಡು ವರ್ಷ ದಿನಾ ಸಂಜೆ ಅವ್ವ ಯಾವಾಗ ಬರ್ತಾಳೆ ಅಂತ ಕೇಳುತ್ತಿದ್ದೆಯಂತಲ್ಲ, ಅಂದೆ. ನನ್ನ ಒಂದೇ ಒಂದು ಸಮಾಧಾನ ಅದು. ಅವಳು ಸೀರೆಯನ್ನು ಕವರಿಗೆ ಹಾಕಿ ನನ್ನ ಮಡಿಲಲ್ಲಿಟ್ಟಳು.

“ಕೇಳೋದು ನಿಲ್ಲಿಸಿದ್ರೆ ಅಜ್ಜಿಗೆ ಗೊತ್ತಾಗಿಬಿಡ್ತಿತ್ತು ಮಿಸ್.”

ಅಷ್ಟರಲ್ಲಿ ಬೇರೆ ಗಿರಾಕಿ ಕರೆದರು, ಬಂದೆ ಬಂದೆ ಅಂತ ಅತ್ತ ಹೋದಳು. ಅಮಾವಾಸ್ಯೆಯ ದಿನ ತಮ್ಮನ ಮನೆಯಲ್ಲಿ ಸೀರೆಯನ್ನು ಎಲ್ಲದರ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಬಾಗಿಲು ಮುಚ್ಚಿ ಹೊರಗೆ ಬಂದು ಕೂತೆವು. ಒಳಗೆ ಅಮ್ಮ ಬಂದಳೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಪ್ರತಿ ಸಂಜೆ ಮರೆಯದೆ ಅಜ್ಜಿಯ ಹತ್ತಿರ ಹೋಗಿ, ಅವ್ವ ಯಾವಾಗ ಬರ್ತಾಳೆ ಅಂತ ಕೇಳುವ ಒಂದು ಎಂಟು ವರ್ಷದ ದನಿಯೇ ಕಿವಿಯಲ್ಲಿತ್ತು. ಬಾಗಿಲು ತಟ್ಟುವ ಹೊತ್ತಾಯಿತು ಅಂತ ತಮ್ಮ ಎರಡು ಸಲ ಕರೆದ ಮೇಲೆ ಎದ್ದೆ.